ಮಾಳಿಗೆ ಮೇಲಿನ ಹಾಜರಿ

ಈ ಸಲವೂ ಕಡಲೆಕಾಯಿ ಕಿತ್ತು ಮಾಳಿಗೆಯ ಮೇಲೆ ಹರವಿದ್ದೇವೆ. ಗಿಡದಿಂದ ಆಗತಾನೆ ಬಿಡಿಸಿದ ಹಸಿ ಕಾಯಿಗೆ ಒಂದು ವಾಸನೆ ಇರುತ್ತದೆ, ಅರ್ಧ ಮಣ್ಣು, ಅರ್ಧ ಹಾಲು. ಎರಡು ಬಿಸಿಲು ಬಿದ್ದರೆ ಹಾಲು ಹೋಗಿ ಮಣ್ಣಿನ ವಾಸನೆಯಷ್ಟೇ ಉಳಿಯುತ್ತದೆ. ನಿನ್ನೆ ಸಂಜೆ ಕಾಯಿಯನ್ನು ಕಾಲಲ್ಲಿ ಸರಿಸುತ್ತಾ ತಿರುವಿ ಹಾಕುತ್ತಿದ್ದೆ. ಒಂದು ಕಾಯಿ ಹಿಮ್ಮಡಿಗೆ ಸಿಕ್ಕಿ ಚಟ್ ಎಂದಿತು. ತಿರುಗಿ ನೋಡದೆಯೇ ಬೈದುಬಿಟ್ಟೆ: "ಕಾಯಿ ತುಳೀಬ್ಯಾಡ ಕಣಮ್ಮ ಅಂತ ಎಷ್ಟು ಸಲ ಹೇಳೋದು!"

ಆಮೇಲೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ತುಳಿದವಳು ನಾನೇ.

ಆ ಬೈಗುಳ ನನ್ನ ಬಾಯಲ್ಲಿ ಇನ್ನೂ ಉಳಿದುಕೊಂಡಿದೆ. ಬೈಸಿಕೊಳ್ಳುತ್ತಿದ್ದವಳು ಇಲ್ಲ...

ನಮ್ಮ ಮನೆಯ ಗೋಡೆಗೆ ಗೋಡೆ ಸೇರಿದಂತೆ ಊರಿನ ಸರ್ಕಾರಿ ಶಾಲೆ. ಕೊಡಿಗೇನಹಳ್ಳಿಯಿಂದ ಒಳಗೆ, ಇನ್ನೊಂದಿಷ್ಟು ದೂರ ಹೋದರೆ ಆಂಧ್ರ. ಆ ಶಾಲೆಗೆ ಕೊರಟಗೆರೆ ಕಡೆಯಿಂದ ಒಬ್ಬಳು ಟೀಚರಮ್ಮ ಬಂದಳು. ತೆಳ್ಳಗೆ ಇದ್ದಳು. ನಡೆದು ಬರುತ್ತಿದ್ದರೆ ಬಸ್ಸು ತಪ್ಪುತ್ತಿದೆಯೇನೋ ಅನ್ನುವ ಹಾಗೆ ಬರುತ್ತಿದ್ದಳು. ಕೊಡಿಗೇನಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡು, ದಿನಾ ಆಟೋದಲ್ಲಿ ಬಂದು, ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಮದುವೆ ಆಗಿರಲಿಲ್ಲ. ಅದನ್ನು ಊರಿನ ಹೆಂಗಸರು ಬಂದ ವಾರದಲ್ಲೇ ಕೇಳಿ ತಿಳಿದುಕೊಂಡಿದ್ದರು.

ಒಂದು ದಿನ ಶಾಲೆ ಬಿಟ್ಟ ಮೇಲೆ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ನಮ್ಮ ಬಾಗಿಲಲ್ಲಿ ನಿಂತಳು.

"ಅಜ್ಜಿ, ನಿಮ್ಮ ಮಾಳಿಗೆ ಮೇಲೆ ಸ್ವಲ್ಪ ಹೊತ್ತು ಕೂತ್ಕೊಳ್ಲಾ?"

"ಯಾಕಮ್ಮ, ಸ್ಕೂಲ್ನಾಗೆ ಕುರ್ಚಿ ಇಲ್ವಾ?"

"ಕುರ್ಚಿ ಐತೆ ಅಜ್ಜಿ. ಸಿಗ್ನಲ್ ಇಲ್ಲ."

"ಅದು ನಮ್ಮ ಮಾಳಿಗೆ ಮೇಲೈತಾ? ಇಷ್ಟು ವರ್ಷ ಇದ್ದೀನಿ, ನಂಗೇ ಗೊತ್ತಿಲ್ವಲ್ಲ. ಹೋಗಿ ತಗಾ. ಕಾಯಿ ಹಾಕಿದ್ದೀವಿ, ತುಳೀಬ್ಯಾಡ."

ತುಳಿದಳು. ಆವತ್ತೂ ತುಳಿದಳು, ಆಮೇಲೂ ತುಳಿದಳು. ಸಿಗ್ನಲ್ಲು ನೀರಿನ ತೊಟ್ಟಿಯ ಪಕ್ಕ ಒಂದು ಗಳಿಗೆ ಇದ್ದರೆ ಇನ್ನೊಂದು ಗಳಿಗೆಗೆ ಮೆಟ್ಟಿಲ ಕಡೆ ಹೋಗುತ್ತಿತ್ತು. ಅದರ ಹಿಂದೆ ಇವಳೂ ಹೋಗುತ್ತಿದ್ದಳು, ಕೋಳಿ ಹಿಡಿಯುವವರ ಹಾಗೆ. ಕಾಲ ಕೆಳಗೆ ಚಟ್ ಚಟ್.

ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಮಕ್ಕಳಿಗೆ ಒಂದು ವೆಬ್‌ಸೈಟು ಮಾಡುತ್ತಿದ್ದೇನೆ ಅಂದಳು. ಇಡೀ ಶಾಲೆಗಲ್ಲ, ತನ್ನ ಕ್ಲಾಸಿಗೆ ಮಾತ್ರ. ನನಗೆ ಆಗ ಅರ್ಥ ಆಗಲಿಲ್ಲ. ಆದರೆ ಯಾಕೆ ಎಂದು ಹೇಳಿದ್ದು ಅರ್ಥವಾಯಿತು.

ನಮ್ಮ ಕಡೆ ಕಾಯಿ ಕೀಳುವ ಕಾಲಕ್ಕೆ ಶಾಲೆ ಅರ್ಧ ಖಾಲಿಯಾಗುತ್ತದೆ. ಕುರಿ ಹೊಡೆದುಕೊಂಡು ಊರೂರು ಹೋಗುವವರು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹಾಗೆ ಹೋದ ಮಗು ತಿರುಗಿ ಬರುವಷ್ಟರಲ್ಲಿ ಪಾಠ ಎಲ್ಲೋ ಹೋಗಿರುತ್ತದೆ. ಹಿಂದಿನ ಸಾಲಿನಲ್ಲಿ ಕೂರುತ್ತದೆ. ಏನು ಕೇಳಿದರೂ ನೆಲ ನೋಡುತ್ತದೆ. ಆಮೇಲೆ ಒಂದು ದಿನ ಬರುವುದನ್ನೇ ಬಿಡುತ್ತದೆ. ನಾನೂ ಎರಡನೇ ಕ್ಲಾಸಿನಲ್ಲಿ ಹಾಗೇ ಬಿಟ್ಟವಳು. ಕಾಯಿ ಕೀಳಲು ಹೋದೆ, ವಾಪಸು ಹೋಗಲಿಲ್ಲ. ಅದಕ್ಕೆ ಈಗ ಅಳುವುದೇನೂ ಇಲ್ಲ. ಅಕ್ಷರ ಕೂಡಿಸಿ ಓದುತ್ತೇನೆ. ಇದನ್ನು ನಾನು ಹೇಳುತ್ತಿದ್ದೇನೆ, ಮೊಮ್ಮಗಳು ತಿದ್ದಿ ಬರೆಯುತ್ತಿದ್ದಾಳೆ.

ಲ್ಯಾಪ್‌ಟಾಪು ತೆಗೆಯುವ ಮುಂಚೆ ಅವಳು ನಮ್ಮ ಮಾಳಿಗೆಯ ಸಿಮೆಂಟಿನ ಮೇಲೆ ಬಳಪದಲ್ಲಿ ಚೌಕ ಚೌಕ ಬರೆದಳು. ಮೊದಲು ಒಂದು ದೊಡ್ಡ ಚೌಕ. ಅದರಿಂದ ಗೆರೆ ಎಳೆದು ಸಣ್ಣ ಚೌಕಗಳು. ಮನೆ ಕಟ್ಟುವ ಮೇಸ್ತ್ರಿ ಪಾಯ ಗುರುತು ಮಾಡುವ ಹಾಗೆ ಇತ್ತು.

"ಇದು ಬಾಗಿಲು ಅಜ್ಜಿ. ಫೋನಲ್ಲಿ ಒತ್ತಿದ ಕೂಡ್ಲೆ ಇದು ಕಾಣಬೇಕು. ಇದು ಇವತ್ತಿನ ಪಾಠ. ಇದು ಮನೆಗೆಲಸ. ಇಲ್ಲಿ ಮಕ್ಕಳು ಮಾಡಿದ್ದು. ಇಲ್ಲಿ ಅಪ್ಪ ಅಮ್ಮಂದಿರಿಗೆ ಹೇಳೋದು."

"ದೇವರ ಕೋಣೆ ಎಲ್ಲಿ?"

"ಇಲ್ಲ."

"ಬಾಗಿಲ ಮೇಲಾದ್ರೂ ಒಂದು ಗಣೇಶನ ಫೋಟೋ ಹಾಕಮ್ಮ. ಒಳ್ಳೇದಾಗ್ತದೆ."

"ಎಲ್ಲಾ ಮನೆ ಮಕ್ಕಳೂ ಬರೋ ಬಾಗಿಲು ಅಜ್ಜಿ ಇದು. ಗುಡಿಗೆ ಹೋಗದೆ ಇರೋ ಮಗುನೂ ಬರ್ತದೆ. ಬೇಡ."

ನಾನು ಮುಖ ಊದಿಸಿಕೊಂಡು ಕೆಳಗೆ ಇಳಿದೆ. ಅವಳು ಹಾಕಲಿಲ್ಲ. ಅವಳು ಹೇಳಿದ್ದೇ ಸರಿ ಅಂತ ನನಗೆ ಅನ್ನಿಸಿದ್ದು ಬಹಳ ಆಮೇಲೆ.

ಹೊಸದರಲ್ಲಿ ಬಹಳ ತುಂಬಿದಳು. ಬಣ್ಣ, ಚಿತ್ರ, ಓಡುವ ಅಕ್ಷರ. ನನ್ನ ಮಗನ ಹಳೇ ಫೋನಲ್ಲಿ ತೆಗೆದು ನೋಡಿದರೆ ಅದು ಸುತ್ತುತ್ತಲೇ ಇತ್ತು, ತೆರೆಯಲೇ ಇಲ್ಲ. ನಾನು ಒಂದು ಪಾತ್ರೆ ರಾಗಿ ತೊಳೆದು ಬಂದೆ, ಇನ್ನೂ ಸುತ್ತುತ್ತಿತ್ತು. ಮಾರನೇ ದಿನ ಬಂದು ಎಲ್ಲಾ ಕಿತ್ತುಹಾಕಿದಳು. ಬಿಳಿ ಗೋಡೆ, ಕಪ್ಪು ಅಕ್ಷರ, ಪಾಠಕ್ಕೆ ಅವಳ ದನಿ. ಕುರಿ ಹಿಂದೆ ಹೋದವರ ಕೈಯಲ್ಲಿ ಇರುವುದು ಇಂಥದೇ ಫೋನು, ಇದರಲ್ಲಿ ತೆರೆಯದಿದ್ದರೆ ನಾನು ಮಾಡಿದ್ದು ಯಾರಿಗೆ, ಅಂದಳು. ಆಮೇಲೆ ಏನೇ ಹಾಕಿದರೂ ಮೊದಲು ಆ ಹಳೇ ಫೋನಿನಲ್ಲಿ ತೆಗೆದು ನೋಡಿಯೇ ಹಾಕುತ್ತಿದ್ದಳು.

ಆಮೇಲೆ ಮನೆ ಮನೆಗೆ ಹೋಗಿ ಕೇಳಿದಳು. ಮಕ್ಕಳು ಬರೆದ ಚಿತ್ರ, ಮಾಡಿದ ಲೆಕ್ಕ ಹಾಕಬಹುದಾ ಅಂತ. ಮಕ್ಕಳ ಮುಖ ಹಾಕುವುದಿಲ್ಲ, ಕೈ ಮಾತ್ರ, ಬೆನ್ನು ಮಾತ್ರ ಅಂದಳು. ಇದಕ್ಕೆ ಕೆಲವರಿಗೆ ಬೇಜಾರಾಯಿತು. ನಮ್ಮ ಮಗಳ ಮುಖ ಏನು ಚೆನ್ನಾಗಿಲ್ವಾ ಅಂತ ಒಬ್ಬಳು ಜಗಳಕ್ಕೇ ನಿಂತಳು. ಹೆಸರನ್ನೂ ಹಾಕುವುದಿಲ್ಲ ಅಂದಾಗ ಇನ್ನೂ ಗಲಾಟೆ. ಗುರುತಿಲ್ಲದವರು ಯಾರು ಬೇಕಾದರೂ ಈ ಬಾಗಿಲಲ್ಲಿ ಇಣುಕಬಹುದು, ಮಕ್ಕಳ ಹೆಸರು ಅವರ ಬಾಯಿಗೆ ಯಾಕೆ ಕೊಡಬೇಕು ಅಂತ ಅವಳ ವಾದ. ಬದಲಿಗೆ ಮಕ್ಕಳೇ ಒಂದೊಂದು ಹೆಸರು ಇಟ್ಟುಕೊಳ್ಳಲಿ ಅಂದಳು.

ಮಕ್ಕಳಿಗೆ ಹಬ್ಬವೇ ಆಯಿತು. ನವಿಲು ಒಬ್ಬಳು, ಗುಬ್ಬಿ ಒಬ್ಬಳು. ಕರಡಿ ಅಂತ ಒಬ್ಬ. ರಾಗಿ, ನವಣೆ, ಹುಣಸೆ. ನನ್ನ ಮೊಮ್ಮಗಳು ಅವರೆ. ಒಬ್ಬ ಮಾತ್ರ ಹಕ್ಕಿಯೂ ಬೇಡ, ಬೆಳೆಯೂ ಬೇಡ, ನಾನು ಜೆಸಿಬಿ ಅಂದ. ಎಷ್ಟು ಹೇಳಿದರೂ ಬಿಡಲಿಲ್ಲ. ಸರಿ ಅಂತ ಜೆಸಿಬಿ ಅಂತಲೇ ಬರೆದಳು.

ಎಲ್ಲಾ ಮುಗಿದ ದಿನ ನಾನು ಹೇಳಿದೆ, ಮನೆ ಅಂತೀಯ, ಬಾಗಿಲು ಅಂತೀಯ, ಹಾಲು ಉಕ್ಕಿಸದೆ ಒಳಕ್ಕೆ ಹೋಗುವುದು ಹೇಗೆ ಅಂತ. ಗಣೇಶ ಬೇಡ ಅಂದವಳು ಹಾಲಿಗೆ ಒಪ್ಪಿದಳು. ಮಾಳಿಗೆ ಮೇಲೆ ಮೂರು ಕಲ್ಲಿಟ್ಟು, ಒಣಗಿದ ಕಾಯಿಗಿಡ ಉರಿಸಿ, ಹೊಸ ಕುಡಿಕೆಯಲ್ಲಿ ಹಾಲಿಟ್ಟೆವು. ಮಕ್ಕಳು ಸುತ್ತ ನಿಂತಿದ್ದರು. ಹಾಲು ಉಕ್ಕಿ ಕಲ್ಲಿನ ಮೇಲೆ ಹರಿದಾಗ ಅವಳು ಫೋನು ಒತ್ತಿದಳು. ಬಾಗಿಲು ತೆರೆಯಿತು. ಮಕ್ಕಳು ಹೋ ಎಂದು ಕೂಗಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದವರು ಯಾರದೋ ಮದುವೆ ಗೊತ್ತಾಯಿತು ಅಂದುಕೊಂಡರಂತೆ.

ಆ ಮನೆಯ ಬೀಗ ನನ್ನ ಹತ್ತಿರವೇ ಉಳಿಯಿತು. ಅದು ಹೇಗೆಂದರೆ, ಅದಕ್ಕೆ ಹೊಸದಾಗಿ ಖಾತೆ ತೆರೆಯುವಾಗ ಒಂದು ನಂಬರಿಗೆ ಓಟಿಪಿ ಬರಬೇಕು. ಅವಳ ಸಿಮ್ಮು ಬೇರೆ ಕಂಪನಿಯದು, ಮಾಳಿಗೆ ಮೇಲೂ ಸಿಗ್ನಲ್ಲು ನಿಲ್ಲುತ್ತಿರಲಿಲ್ಲ, ಓಟಿಪಿ ಬರುವಷ್ಟರಲ್ಲಿ ಹೋಗಿರುತ್ತಿತ್ತು. ನನ್ನ ಸಣ್ಣ ಫೋನಿಗೆ ಮಾತ್ರ ಎರಡು ಕಡ್ಡಿ ಸಿಗ್ನಲ್ಲು. ಅದಕ್ಕೆ ನನ್ನ ನಂಬರನ್ನೇ ಕೊಟ್ಟಳು.

"ನಿನ್ನ ಮನೆಗೆ ನನ್ನ ಬೀಗ ಯಾಕಮ್ಮ?" ಅಂದೆ.

"ನನ್ನ ಮನೆ ಅಲ್ಲ ಅಜ್ಜಿ, ಕ್ಲಾಸಿಂದು. ನಾಳೆ ನಂಗೆ ವರ್ಗ ಆಗಿ ಪಾವಗಡಕ್ಕೋ ಎಲ್ಲಿಗೋ ಹಾಕ್ತಾರೆ. ನಾನು ಹೋದ್ರೂ ಇದು ಇಲ್ಲೇ ಇರ್ಬೇಕು. ಬರೋರಿಗೆ ನೀವು ಬಾಗಿಲು ತೆಗೀರಿ."

ವರ್ಗ ಆಗಿ ಹೋಗುತ್ತೇನೆ ಅಂತ ಅವಳು ಹೇಳಿದ್ದು. ಅಷ್ಟೇ ಹೇಳಿದ್ದು...

ಹಾಜರಿಯ ಕೋಣೆ ಮೊದಲು ಇರಲಿಲ್ಲ. ಆಮೇಲೆ ಸೇರಿಸಿದಳು. ರಾಗಿ ಅನ್ನುವ ಹುಡುಗಿ ಅಪ್ಪನ ಕುರಿ ಹಿಂದೆ ಹೋಗಿದ್ದಳು. ಅಲ್ಲಿಂದ ಫೋನು ಮಾಡಿ, ಮೇಡಂ, ನನ್ನ ಹೆಸರು ಹೊಡೆದು ಹಾಕಿಬಿಟ್ರಾ ಅಂತ ಅತ್ತಳಂತೆ. ಅವತ್ತು ಸಂಜೆ ಟೀಚರಮ್ಮ ಮಾಳಿಗೆಗೆ ಬಂದವಳು ಕೂರಲಿಲ್ಲ. ಕಾಯಿಯ ಮೇಲೆ ಅತ್ತಿಂದಿತ್ತ ಓಡಾಡಿದಳು. ನಾನೂ ಬೈಯಲಿಲ್ಲ. ಆಮೇಲೆ ಫೋನು ಬಾಯಿಯ ಹತ್ತಿರ ಹಿಡಿದು, ಕ್ಲಾಸಿನಲ್ಲಿ ಕೂಗುವ ಹಾಗೇ ಒಂದೊಂದೇ ಹೆಸರು ಕೂಗಿದಳು. "ನವಿಲು..." ಅನ್ನುವುದು, ಮಗು ಬಂದೆ ಅನ್ನುವಷ್ಟು ಹೊತ್ತು ಬಿಡುವುದು. "ರಾಗಿ..." ಅನ್ನುವುದು, ಬಿಡುವುದು. "ಜೆಸಿಬಿ..." ಅಂದಾಗ ಅವಳಿಗೇ ನಗು ಬಂತು. ಅದೂ ಅದರಲ್ಲಿ ಸೇರಿಕೊಂಡಿತು. ಎಲ್ಲಿದ್ದರೂ ಬೆಳಗ್ಗೆ ಎದ್ದು ಇದನ್ನು ಒತ್ತಿ, ನಾನು ಕೂಗಿದಾಗ ಬಂದೆ ಮೇಡಂ ಅನ್ನಬೇಕು, ಅಂದರೆ ನೀವು ಕ್ಲಾಸಲ್ಲೇ ಇದ್ದೀರಿ ಅಂತ, ಹೀಗೆ ಮಕ್ಕಳಿಗೆ ಹೇಳಿದಳು. ಸರ್ಕಾರದ ಹಾಜರಿಗೆ ಇದು ಬರುವುದಿಲ್ಲ. ಮಕ್ಕಳ ಲೆಕ್ಕಕ್ಕೆ ಬಂತು.

ಅವತ್ತು ಮುಗಿಸಿ ನನ್ನ ಕಡೆ ತಿರುಗಿದಳು.

"ಅಜ್ಜಿ, ನಿಮ್ಮದೂ ಒಂದು ಕೂಗ್ಲಾ? ದಿನಾ ಈ ಕ್ಲಾಸಲ್ಲಿ ಕೂತಿದ್ದೀರಲ್ಲ. ಏನು ಹೆಸರು ಇಟ್ಕೊತೀರಾ? ಗೂಬೆ?"

"ನಿಮ್ಮಪ್ಪ ಗೂಬೆ. ಈ ವಯಸ್ಸಲ್ಲಿ ಹಕ್ಕಿಗಿಕ್ಕಿ ಆಗಕ್ಕೆ ನನ್ ಕೈಲಾಗಲ್ಲ. ನಂಗೆ ಹೆಸರಿಲ್ವಾ? ಓಬಳಮ್ಮ."

"ಓಬಳಮ್ಮ!" ಅಂದಳು, ಬಾಯಲ್ಲಿ ಇಟ್ಟು ರುಚಿ ನೋಡಿದವಳ ಹಾಗೆ. "ಈ ಹೆಸರು ನಾನು ಕೇಳೇ ಇರ್ಲಿಲ್ಲ."

ಕೇಳುವುದು ಎಲ್ಲಿಂದ? ಊರಿಗೆಲ್ಲ ನಾನು ಅಜ್ಜಿ. ಸೊಸೆಗೆ ಅತ್ತೆ, ಮಗನಿಗೆ ಅವ್ವ. ಗಂಡ ಇದ್ದಾಗಲೂ ಲೇ ಅಂತಲೇ ಕರೆಯುತ್ತಿದ್ದ. ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮವ್ವ, ನಮ್ಮ ಅಣ್ಣಂದಿರು. ಅವರೆಲ್ಲಾ ಹೋಗಿ ಯಾವ ಕಾಲವಾಯಿತು. ರೇಷನ್ ಕಾರ್ಡಿನಲ್ಲಿ ಇದೆ, ಅಷ್ಟೇ.

ಅವಳು ಫೋನು ಹಿಡಿದು "ಓಬಳಮ್ಮ..." ಎಂದು ಕೂಗಿದಳು. ನಾನು ಸುಮ್ಮನಿದ್ದೆ.

"ಯಾಕಜ್ಜಿ ಓ ಅನ್ಲಿಲ್ಲ?"

"ದೀಪ ಹಚ್ಚೋ ಹೊತ್ತು ಕಣಮ್ಮ. ಈ ಹೊತ್ನಾಗೆ ಯಾರಾದ್ರೂ ಹೆಸರಿಡಿದು ಕೂಗಿದ್ರೆ ಒಂದೇ ಸಲಕ್ಕೆ ಓ ಅನ್ಬಾರ್ದು ಅಂತಿದ್ಲು ನಮ್ಮವ್ವ. ಮೂರು ಸಲ ಕೂಗ್ಬೇಕು. ಬದುಕಿರೋರು ಮೂರು ಸಲ ಕೂಗ್ತಾರೆ. ಸತ್ತೋರು ಎರಡೇ ಸಲ."

"ಮೂರನೇ ಸಲ ಯಾಕೆ ಕೂಗಲ್ಲ?"

"ಅವ್ರಿಗೆ ಅಷ್ಟು ಪುರುಸೊತ್ತೆಲ್ಲೈತೆ."

ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹಿಂದಿನದನ್ನು ಅಳಿಸಿ, ಹೊಸದಾಗಿ, ಮೂರು ಸಲ ಕೂಗಿದಳು. ಮೊದಲನೆಯದು ಕ್ಲಾಸಿನಲ್ಲಿ ಕೂಗುವ ಹಾಗೆ. ಎರಡನೆಯದು ನಗು ತಡೆದುಕೊಂಡು. ಮೂರನೆಯದು ನಮ್ಮವ್ವ ಹೊಲದ ಈ ತುದಿಯಿಂದ ಆ ತುದಿಗೆ ಕೂಗುತ್ತಿದ್ದ ಹಾಗೆ. ಮೂರನೆಯದಕ್ಕೆ ನಾನು "ಓ, ಬಂದೆ ಬುಡಮ್ಮ" ಅಂದೆ. ಅಷ್ಟರಲ್ಲಿ ಅವಳು ರೆಕಾರ್ಡು ನಿಲ್ಲಿಸಿದ್ದಳು.

"ನನ್ ಓ ಅದ್ರೊಳಗೆ ಬಂತಾ?"

"ಇಲ್ಲ ಅಜ್ಜಿ. ಓ ಅನ್ನೋದನ್ನ ನೀವು ದಿನಾ ಹೊಸದಾಗಿ ಅನ್ಬೇಕು. ಮಕ್ಕಳ ತರಾನೇ."

ದಸರಾ ರಜೆಗೆ ಊರಿಗೆ ಹೋದಳು. ಹೋಗುವಾಗ, ಕಾಯಿ ಎಲ್ಲಾ ಮಾರಿಬಿಡಬೇಡಿ, ಬಂದು ಬೇಯಿಸಿ ತಿನ್ನೋಣ ಅಂದಳು. ಜ್ವರ ಅಂತ ಸುದ್ದಿ ಬಂತು. ಡೆಂಗ್ಯೂ ಅಂದರು. ತುಮಕೂರಿಗೆ ಕರೆದುಕೊಂಡು ಹೋದರಂತೆ... ರಜೆ ಮುಗಿಯುವ ಮುಂಚೆ ಅವಳು ಮುಗಿದಳು. ಊರಿಂದ ಒಂದು ಟೆಂಪೋ ಮಾಡಿಕೊಂಡು ಹೋದೆವು. ನಾವು ಹೋಗುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಬಾಗಿಲಲ್ಲಿ ಅವಳ ಚಪ್ಪಲಿ ಇತ್ತು. ಅವಳ ತಾಯಿ ನನ್ನನ್ನು ನೋಡಿ, ಮಾಳಿಗೆ ಅಜ್ಜಿ ನೀವೇನಾ ಅಂದರು. ಹೂಂ ಅಂದೆ. ಪಕ್ಕದಲ್ಲಿ ಹೋಗಿ ಕೂತೆ. ನಾನು ಅಳಲಿಲ್ಲ. ಅತ್ತರೆ ಆ ತಾಯಿ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ರಜೆ ಮುಗಿದು ಶಾಲೆ ಬಾಗಿಲು ತೆರೆದ ದಿನ ಬೆಳಗ್ಗೆ ನಾನು ಡೇರಿಗೆ ಹಾಲು ಹಾಕಲು ಹೊರಟೆ. ಬೀದಿಗೆ ಕಾಲಿಟ್ಟೆ. ಮೊದಲನೇ ಮನೆಯ ಕಿಟಕಿಯಿಂದ ಅವಳ ದನಿ: "ನವಿಲು..." ಒಳಗಿನಿಂದ ಮಗು: "ಬಂದೆ ಮೇಡಂ." ಎದುರು ಮನೆಯಲ್ಲಿ ಆಗಲೇ ಮುಂದಕ್ಕೆ ಹೋಗಿತ್ತು: "ಹುಣಸೆ..." ಅದರಾಚೆ ಇನ್ನೂ ಶುರುವಾಗುತ್ತಿತ್ತು: "ನವಿಲು..." ಬೀದಿಯ ಉದ್ದಕ್ಕೂ ಒಬ್ಬಳೇ ಹೆಂಗಸು, ಒಂದೊಂದು ಮನೆಯಲ್ಲಿ ಒಂದೊಂದು ಹೆಸರು ಕೂಗುತ್ತಿದ್ದಳು, ಒಂದು ದನಿಯ ಬಾಲ ಇನ್ನೊಂದು ಹಿಡಿದ ಹಾಗೆ. ಎಲ್ಲೋ ಒಂದು ಕಡೆ ಅವಳು ಜೆಸಿಬಿ ಎಂದು ನಕ್ಕಳು. ಕೈಯಲ್ಲಿದ್ದ ಹಾಲಿನ ಕ್ಯಾನು ಕೆಳಗಿಟ್ಟು ಅಲ್ಲೇ ಒಂದು ಜಗುಲಿಯ ಮೇಲೆ ಕೂತೆ.

ಇದು ನಿಲ್ಲಲಿಲ್ಲ. ದಿನಾ ಬೆಳಗ್ಗೆ ಹೀಗೇ. ಊರು ಮಾತಾಡಿಕೊಂಡಿತು. ಮೊದಲು ಪಾಪ ಅಂದರು, ಆಮೇಲೆ ದನಿ ತಗ್ಗಿಸಿದರು.

ಹೊಸದಾಗಿ ಒಬ್ಬರು ಮೇಷ್ಟ್ರು ಬಂದರು. ಸಿರಾ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಎಲ್ಲದಕ್ಕೂ ಜಲ್ದಿ ಜಲ್ದಿ ಅನ್ನುತ್ತಿದ್ದರು. ಕೆಲವು ದಿನ ನೋಡಿ ನಮ್ಮ ಮನೆಗೆ ಬಂದರು. ಜಗುಲಿಯ ತುದಿಯಲ್ಲಿ ಕೂತರು.

"ಅಜ್ಜಿ, ಮಕ್ಕಳಿಗೆ ನನ್ನ ಕಂಡ್ರೆ ಆಗಲ್ವಾ?"

"ಯಾಕಪ್ಪ, ಹೊಡೀತೀಯಾ?"

"ಅಯ್ಯೋ, ಕೈ ಕೂಡ ಎತ್ತಿಲ್ಲ. ಹಾಜರಿ ಕೂಗ್ತೀನಿ, ಒಂದ್ ಮಗುನೂ ಬಂದೆ ಅನ್ನಲ್ಲ. ಮುಖ ನೋಡ್ಕೊಂಡು ಕೂತಿರ್ತಾರೆ. ನಾನೇ ಎಣಿಸಿ ಬರ್ಕೊತೀನಿ."

ಮೊಮ್ಮಗಳನ್ನು ಕರೆದು ಕೇಳಿದೆ. "ಯಾಕೇ, ಮೇಷ್ಟ್ರು ಕೂಗಿದ್ರೆ ಬಾಯಿ ಇಲ್ವಾ ನಿಂಗೆ?"

ಅವಳು ಏನೂ ತಪ್ಪು ಮಾಡದವಳ ಹಾಗೆ ಹೇಳಿದಳು: "ನಾವು ಬೆಳಗ್ಗೆನೇ ಹಾಜರಿ ಕೊಟ್ಟಿರ್ತೀವಲ್ಲ ಅಜ್ಜಿ. ಒಂದ್ ದಿನಕ್ಕೆ ಎರಡ್ ಸಲ ಯಾರು ಕೊಡ್ತಾರೆ?"

ಮೇಷ್ಟ್ರು ನೆಲ ನೋಡಿದರು. ನಾನು ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟೆ. ಬೇರೆ ಏನು ಕೊಡಲಿ.

ಅಷ್ಟರಲ್ಲಿ ನವಣೆ ಅನ್ನುವ ಹುಡುಗಿಗೆ ಜ್ವರ ಬಂತು. ಜ್ವರದ ಮಂಪರಿನಲ್ಲಿ "ಬಂದೆ ಮೇಡಂ, ಬಂದೆ ಮೇಡಂ" ಎಂದು ಕನವರಿಸಿದಳಂತೆ. ಅವಳಮ್ಮ ಹಿಂದೂಪುರದ ಕಡೆಯಿಂದ ಊರಿಗೆ ಬಂದ ತೆಲುಗಿನ ಸೊಸೆ, ನನ್ನನ್ನೂ ಅತ್ತ ಅಂತಲೇ ಕರೆಯುವವಳು. ಸಂಜೆಗೆ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಳು. ಬೀಗ ನನ್ನ ಫೋನಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ.

"ಅತ್ತಾ, ನಾಕು ಭಯಂಗಾ ಉಂದಿ. ಭಯ ಆಗ್ತೈತೆ ನಂಗೆ. ಸತ್ತೋರು ಕೂಗ್ತಾವ್ರೆ, ನನ್ನ ಮಗಳು ಓ ಅಂತಾವ್ಳೆ. ಕರ್ಕೊಂಡು ಹೋಗಿಬಿಟ್ರೆ? ತೆಗೆಸ್ಬಿಡು ಅತ್ತಾ ಅದನ್ನ. ಪೂರ್ತಿ ತೆಗೆಸ್ಬಿಡು."

"ಜ್ವರ ಜ್ವರಾನೇ ಕಣೇ. ಆಸ್ಪತ್ರೆಗೆ ತೋರ್ಸಿದ್ಯಾ?"

"ತೋರ್ಸಿದೆ. ಮಾತ್ರೆ ಕೊಟ್ರು. ಬಿಟ್ಟೈತೆ. ಆದ್ರೂ..."

"ಹೆಸರಿಡಿದು ಕೂಗಿದ್ರೆ ತಾನೇ ಕರ್ಕೊಂಡು ಹೋಗೋದು? ಆ ಪುಣ್ಯಾತ್ಗಿತ್ತಿ ಯಾವ್ ಮಗೂನ ಹೆಸರಿಡಿದು ಕೂಗವ್ಳೆ ಹೇಳು. ನವಣೆ ಅಂತ ಕೂಗಿದ್ರೆ ನಿನ್ ಮಗಳು ಯಾಕ್ ಹೋಗ್ತಾಳೆ, ಹೊಲದಾಗಿರೋ ನವಣೆ ಹೋಗ್ಬೇಕು. ಲೇ, ನಿನ್ನ ಮಗ ಜೆಸಿಬಿ ಅಲ್ವಾ? ಅವನನ್ನ ಕರ್ಕೊಂಡು ಹೋಗಕ್ಕೆ ಡೀಸೆಲ್ ಯಾರು ಹಾಕ್ತಾರೆ?"

ಕೆಲವರು ನಕ್ಕರು. ಜೆಸಿಬಿಯ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಹಾಗೇ ಅಳು ಬಂತು. ನವಣೆಯ ಅಮ್ಮ ನಗಲಿಲ್ಲ. ಹೋಗಲೂ ಇಲ್ಲ. ಬಾಗಿಲ ಕಂಬ ಹಿಡಿದುಕೊಂಡು ನಿಂತೇ ಇದ್ದಳು.

ಅವರ ಭಯಕ್ಕೆ ನಾನು ಒಪ್ಪುವವಳಲ್ಲ. ಸತ್ತವರು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಹಾಗಿದ್ದರೆ ನನ್ನ ಗಂಡ ಒಂದು ಲೋಟ ಕಾಫಿಗಾದರೂ ನನ್ನನ್ನು ಕರೆಯುತ್ತಿದ್ದ. ಆದರೆ ಮೇಷ್ಟ್ರು ನೆಲ ನೋಡಿದ್ದು ನನ್ನ ಕಣ್ಣಲ್ಲೇ ಇತ್ತು. ಪಾಠಕ್ಕೆ ಅಂತ ಊರು ಬಿಟ್ಟು ಬಂದವರು, ಎದುರಿಗೆ ನಿಂತು ಕೂಗುತ್ತಾರೆ, ಒಂದು ಮಗು ಓ ಅನ್ನುವುದಿಲ್ಲ. ಇಲ್ಲದವಳಿಗೆ ಎಲ್ಲಾ ಮಕ್ಕಳೂ ಓ ಅನ್ನುತ್ತಾರೆ. ಇದು ಸರಿಯಲ್ಲ ಅನ್ನಿಸಿತು. ಟೀಚರಮ್ಮನೇ ಇದ್ದಿದ್ದರೂ ಸರಿಯಲ್ಲ ಅನ್ನುತ್ತಿದ್ದಳು. ಬರುವವರಿಗೆ ಬಾಗಿಲು ತೆಗೆಯಿರಿ ಅಂದವಳು ಅವಳೇ ಅಲ್ಲವಾ.

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಮೇಷ್ಟ್ರನ್ನು ಮಾಳಿಗೆಗೆ ಕರೆದೆ. ಹೆಂಗಸರೂ ಬಂದರು, ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಪಾಠಗಳನ್ನು ಮುಟ್ಟಬೇಡಿ ಅಂತ ಮೊದಲೇ ಹೇಳಿದೆ. ಅವಳು ಕಡಲೆಬೀಜ ಇಟ್ಟುಕೊಂಡು ಮಗ್ಗಿ ಹೇಳಿಕೊಟ್ಟದ್ದು, ಮಕ್ಕಳು ಬರೆದ ಚಿತ್ರ, ಎಲ್ಲಾ ಇರಲಿ. ಹಾಜರಿ ಮಾತ್ರ ತೆಗೆದು, ನೀವು ನಿಮ್ಮ ದನಿಯಲ್ಲಿ ಕೂಗಿ ಹಾಕಿ ಅಂದೆ.

ಅವರಿಗೆ ಪಾಸ್‌ವರ್ಡು ಗೊತ್ತಿರಲಿಲ್ಲ. ಮರೆತಿದೆ ಅಂತ ಒತ್ತಿದರು. ನನ್ನ ಫೋನು ಟಿಂಗ್ ಅಂತು. ಕನ್ನಡಕ ಏರಿಸಿ ಆ ಅಂಕಿಗಳನ್ನು ಒಂದೊಂದಾಗಿ ನಾನೇ ಓದಿ ಹೇಳಿದೆ. ಬಾಗಿಲು ತೆರೆಯಿತು. ಮೇಷ್ಟ್ರು ಎಲ್ಲರ ಮುಂದೆ ಕೊನೆಯದಾಗಿ ಒಂದು ಸಲ ಹಾಕಿದರು. ನವಿಲು... ರಾಗಿ... ಅವರೆ... ನವಣೆ ಅಂದಾಗ ಅವಳ ಅಮ್ಮನ ತುಟಿ ಅಲುಗಿತು. ಅವಳೂ ಓ ಅಂದುಬಿಡುತ್ತಾಳೆ ಅಂತ ನನಗೆ ಅನ್ನಿಸಿತು. ಅನ್ನಲಿಲ್ಲ.

ಅಳಿಸುವ ಮುಂಚೆ ಫೋನು ಕೇಳಿತು, ಖಂಡಿತವಾಗಿ ಅಳಿಸಬೇಕೇ ಅಂತ. ಫೋನಿಗಾದರೂ ಕೇಳುವ ಬುದ್ಧಿ ಇತ್ತು. ಮೇಷ್ಟ್ರು ನನ್ನ ಮುಖ ನೋಡಿದರು. ಹೂಂ ಅಂದೆ.

"ಅಜ್ಜಿ, ಇನ್ನೊಂದಿದೆ. ಓಬಳಮ್ಮ ಅಂತ. ಇದು ಯಾರದು?"

ಮೆಟ್ಟಿಲ ಮೇಲಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೂ ಗೊತ್ತಿರಲಿಲ್ಲ.

"ನಂದು," ಅಂದೆ.

ನವಣೆಯ ಅಮ್ಮ ತಟಕ್ಕನೆ ನನ್ನ ಕೈ ಹಿಡಿದಳು. "ಅತ್ತಾ, ನಿನ್ನ ಹೆಸರಿಡಿದೇ ಕೂಗವ್ರೆ! ತೆಗೆಸ್ಬಿಡು!"

"ನಂದು ಇರ್ಲಿ ಬುಡು. ನನ್ನ ಕರ್ಕೊಂಡು ಹೋಗಿ ಅವಳೇನು ಮಾಡ್ತಾಳೆ, ಬೈಸ್ಕೊಳ್ಳಕ್ಕಾ?"

ಮಾರನೇ ದಿನ ಬೆಳಗ್ಗೆ ಹಾಲು ಹಾಕಲು ಹೋದಾಗ ಬೀದಿ ಬೀದಿಯಾಗಿಯೇ ಇತ್ತು. ಕೋಳಿ, ಪಾತ್ರೆ, ಬೈಕಿನ ಸದ್ದು. ನಾನೇ ಮಾಡಿಸಿದ್ದು, ಆದರೂ ಆ ಬೀದಿಯನ್ನು ದಾಟುವುದಕ್ಕೆ ಅವತ್ತು ಬಹಳ ಹೊತ್ತು ಹಿಡಿಯಿತು. ಶಾಲೆಯಲ್ಲಿ ಮೇಷ್ಟ್ರು ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಸೌಟು ಕೈಯಲ್ಲೇ ಹಿಡಿದು ಕಿವಿ ಕೊಟ್ಟೆ. ಆಮೇಲೆ ನನ್ನ ಮೊಮ್ಮಗಳ ದನಿ, ಸಣ್ಣಗೆ, "ಬಂದೆ ಸಾರ್."

ಇದೆಲ್ಲಾ ಆಗಿ ಕೆಲವು ವರ್ಷವಾಯಿತು. ಮೊಮ್ಮಗಳು ಈಗ ಕೊಡಿಗೇನಹಳ್ಳಿಯ ಹೈಸ್ಕೂಲು. ಮೇಷ್ಟ್ರು ಆ ಮನೆಗೆ ಇನ್ನೂ ಕೋಣೆ ಸೇರಿಸುತ್ತಿದ್ದಾರೆ, ನಮ್ಮ ಮಾಳಿಗೆಗೆ ಬಂದು, ಕಾಯಿ ತುಳಿಯದೆ, ಅಂಚಿನಲ್ಲಿ ನಡೆದು. ಈಗಿನ ಮಕ್ಕಳಲ್ಲಿ ಒಬ್ಬಳು ಡ್ರೋನು. ಸೋಲಾರ್ ಅಂತಲೂ ಒಬ್ಬ ಇದ್ದಾನೆ, ಅವನ ಅಪ್ಪನಿಗೆ ಪಾವಗಡದಲ್ಲಿ ಆ ಕೆಲಸ. ಟೀಚರಮ್ಮನ ಮಗ್ಗಿ ಹಾಗೇ ಇದೆ. ಅವಳ ಮುಖ ಕಾಣದ, ಹೆಸರು ಕೇಳದ ಮಕ್ಕಳು ಅದನ್ನು ಹಾಕಿಕೊಂಡು ಕಲಿಯುತ್ತಾರೆ.

ನಿನ್ನೆ ಕಾಯಿ ತಿರುವಿ ಹಾಕಿದ ಮೇಲೆ ನಾನು ಕೆಳಗೆ ಇಳಿಯಲಿಲ್ಲ. ಕೆಳಗೆ ಸೊಸೆ ದೀಪ ಹಚ್ಚುತ್ತಿದ್ದಳು. ಮಗನ ಹಳೇ ಫೋನು ಸೆರಗಿನಲ್ಲಿತ್ತು. ತೆಗೆದು ಒತ್ತಿದೆ.

"ಓಬಳಮ್ಮ..." ಅಂದಳು. ಗಾಳಿ. ದೂರದಲ್ಲಿ ಬಸ್ಸಿನ ಹಾರ್ನು. ಅದು ಅವಳು ಹಿಡಿಯಬೇಕಾಗಿದ್ದ ಬಸ್ಸು.

"ಓಬಳಮ್ಮ..." ಈ ಸಲ ನಗು ತಡೆದ ದನಿ. ಅವಳ ಕಾಲ ಕೆಳಗೆ ಒಂದು ಕಾಯಿ ಚಟ್ ಅಂತು.

ಅಲ್ಲಿಗೆ ಬೆರಳಿಟ್ಟು ನಿಲ್ಲಿಸಿದೆ. ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತೇನೆ. ಮೂರನೆಯದು ಅದರೊಳಗೆ ಇದೆ, ನನಗೆ ಗೊತ್ತು. ಅದನ್ನು ಕೇಳಿದರೆ ಓ ಅನ್ನಬೇಕಾಗುತ್ತದೆ. ಓ ಅಂದ ಮೇಲೆ ತಿರುಗಿ ನೋಡಬೇಕಾಗುತ್ತದೆ.